ಕೋವಿಯ ಲೈಸೆನ್ಸು ಯಾರ ಹೆಸರಿಗೆ?

ಹಿರಿಯರು ಲಿಂಗೈಕ್ಯರಾದ ಮೇಲೆ ಅವರು ಬಿಟ್ಟುಹೋದ ವಸ್ತುಗಳನ್ನು ಹಂಚಿಕೊಳ್ಳುವುದು ಒಗ್ಗಟ್ಟುಳ್ಳ ಮನೆಗಳಲ್ಲಿ ಅಷ್ಟೇನೂ ಕಷ್ಟದ ಕೆಲಸವಲ್ಲ. ಹೊಲಮನೆಗಳಿಗೆ ಪತ್ರಗಳಿರುತ್ತವೆ, ಒಡವೆಗಳಿಗೆ ತೂಕವಿರುತ್ತದೆ. ಪುಸ್ತಕ, ಪಂಚೆ, ಕೈಗಡಿಯಾರ, ಊರುಗೋಲುಗಳನ್ನು ಯಾರು ಆಸೆಪಡುತ್ತಾರೋ ಅವರಿಗೆ ಕೊಟ್ಟುಬಿಡಬಹುದು. ನಮ್ಮ ಮನೆಯಲ್ಲಿ ಒಂದು ವಸ್ತು ಮಾತ್ರ ಹೀಗೆ ಸುಲಭವಾಗಿ ಹಂಚಿಕೆಗೆ ಒಗ್ಗಲಿಲ್ಲ. ಅದು ನಮ್ಮ ತೀರ್ಥರೂಪರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ತೋಟಾ ಕೋವಿ. ಕೋವಿಯನ್ನು ತಂದೆ ಮಕ್ಕಳಿಗೆ ಬಿಟ್ಟುಹೋಗಬಹುದು. ಲೈಸೆನ್ಸನ್ನು ಬಿಟ್ಟುಹೋಗಲು ಬರುವುದಿಲ್ಲ. ಅದನ್ನು ಬದುಕಿರುವವರೊಬ್ಬರು ತಮ್ಮ ಹೆಸರಿಗೆ ಕೇಳಿ ಪಡೆಯಬೇಕು. ಕೇಳಬೇಕೆ, ಬೇಡವೆ ಎಂಬುದನ್ನು ತೀರ್ಮಾನಿಸಲು ನಮಗೆ ಹಲವು ತಿಂಗಳುಗಳೇ ಹಿಡಿದವು. ಇಂಥದೇ ಹಳೆಯ ಕೋವಿ ನಮ್ಮ ಸಮಾಜದ ಇನ್ನೂ ಹಲವು ಮನೆಗಳ ಬೀರುಗಳಲ್ಲಿರುವುದನ್ನು ಬಲ್ಲೆನಾದ್ದರಿಂದ ಈ ವಿಚಾರವನ್ನು ಬರೆಯುತ್ತಿದ್ದೇನೆ.

ಈ ಕೋವಿಯನ್ನು ಕೊಂಡವರು ನಮ್ಮ ಅಜ್ಜನವರು, 1948ರಲ್ಲಿ. ಅವರು ಬೇಗೂರಿನ ಹತ್ತಿರದ ಒಂದು ಹಳ್ಳಿಯ ಪಟೇಲರಾಗಿದ್ದರು. ಪಟೇಲಿಕೆ, ಶಾನುಭೋಗಿಕೆಗಳೆಲ್ಲ 1963ರಲ್ಲಿ ಕಾಯಿದೆಯ ಮೂಲಕ ರದ್ದಾದವು, ಕೋವಿ ಉಳಿಯಿತು. ಆಗಿನ ಬೇಗೂರನ್ನು ಈಗಿನವರಿಗೆ ವರ್ಣಿಸಿ ಹೇಳುವುದು ಕಷ್ಟ. ಕೆರೆಯ ಹಿಂದೆ ಗದ್ದೆ, ಅದರಾಚೆ ರಾಗಿ, ಅವರೆ, ಹುರುಳಿಯ ಹೊಲಗಳು. ಬನ್ನೇರುಘಟ್ಟದ ಕಾಡು ದೂರವೇನಲ್ಲ. ಸುಗ್ಗಿಯ ಮುಂಚಿನ ತಿಂಗಳುಗಳಲ್ಲಿ ಹಂದಿಗಳು ಹಿಂಡುಹಿಂಡಾಗಿ ಇಳಿದು ಒಂದೇ ರಾತ್ರಿಯಲ್ಲಿ ಎಕರೆ ರಾಗಿಯನ್ನು ನೆಲಸಮ ಮಾಡಿಬಿಡುತ್ತಿದ್ದವು. ಹೊಲದ ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕುಳಿತು, ತಮಟೆ ಬಡಿದು, ಅದಕ್ಕೂ ಬೆದರದಿದ್ದರೆ ಒಂದು ಈಡು ಹಾರಿಸುವುದು ವಾಡಿಕೆ.

ಲಿಂಗವಂತರ ಮನೆಯಲ್ಲಿ ಕೋವಿ ಏತಕ್ಕೆ ಎಂದು ಯಾರಾದರೂ ಕೇಳಬಹುದು. ನಾನು ಮದುವೆಯಾಗಿ ಹೋದ ತುಮಕೂರಿನ ಮನೆಯಲ್ಲಿಯೂ ಕೇಳಿದ್ದರು. ಈಡು ಯಾವಾಗಲೂ ಆಕಾಶಕ್ಕೇ ಎಂಬುದು ನಮ್ಮ ಅಜ್ಜನವರು ಹಾಕಿಕೊಟ್ಟ ಕಟ್ಟಳೆ. ಕೋವಿ ಮನೆಗೆ ಬಂದ ದಿನ ಅಜ್ಜಿಯವರು ಅವರಿಂದ ಇಷ್ಟಲಿಂಗದ ಮುಂದೆ ಈ ಮಾತನ್ನು ಪಡೆದಿದ್ದರಂತೆ. ತಂದೆಯವರ ಕಾಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಮನೆಯ ಕಟ್ಟಳೆಯಾಗಿದ್ದುದು ದೇಶದ ಕಟ್ಟಳೆಯೂ ಆಯಿತು. ತಂದೆಯವರು ಆ ಕೋವಿಯಿಂದ ಒಂದು ಮೊಲವನ್ನೂ ಹೊಡೆದವರಲ್ಲ. ಆದರೂ ತಿಂಗಳಿಗೊಮ್ಮೆ ಪಡಸಾಲೆಯಲ್ಲಿ ಹಳೆಯ ಪಂಚೆ ಹಾಸಿ, ಕೋವಿಯನ್ನು ಬಿಚ್ಚಿ, ನಳಿಗೆಗೆ ಎಣ್ಣೆಬಟ್ಟೆ ಎಳೆದು, ಬೆಳಕಿಗೆ ಹಿಡಿದು ನೋಡಿ ಮತ್ತೆ ಜೋಡಿಸುತ್ತಿದ್ದರು. ಆಯುಧಪೂಜೆಯ ದಿನ ನೇಗಿಲು, ಕುಡುಗೋಲುಗಳ ಪಕ್ಕದಲ್ಲಿ ಅದಕ್ಕೂ ವಿಭೂತಿಯ ಮೂರು ಎಳೆ. ಮಕ್ಕಳಾದ ನಾವು ಅದನ್ನು ಮುಟ್ಟುವಂತಿರಲಿಲ್ಲ. ತೋಟಾಗಳು ಬೇರೊಂದು ಪೆಟ್ಟಿಗೆಯಲ್ಲಿ; ಎರಡರ ಬೀಗದ ಕೈಗಳೂ ಅವರ ಉಡಿದಾರದಲ್ಲಿ.

ಕಾಲ ಹೇಗೆ ಬದಲಾಯಿತೆಂಬುದನ್ನು ಹೆಚ್ಚು ಬೆಳೆಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಸುತ್ತಲಿನ ಎಲ್ಲ ಹಳ್ಳಿಗಳ ಕಥೆಯೂ ಒಂದೇ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಹೊರಟಾಗ ನಮ್ಮ ಕಡೆಯ ರೈತರು ಅದೇನೋ ರೇಡಿಯೋ ಕಾರ್ಖಾನೆಯಿರಬೇಕೆಂದು ಮಾತನಾಡಿಕೊಂಡಿದ್ದರು. 2007ರಲ್ಲಿ ಬೃಹತ್ ಮಹಾನಗರ ಪಾಲಿಕೆ ರಚನೆಯಾದಾಗ ಬೇಗೂರೂ ಅದರೊಳಗೆ ಸೇರಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಒಡೆದು ಐದಾಯಿತು. ಹೊಸೂರು ರಸ್ತೆಯ ಮೇಲೆ ಈಗ ಮೆಟ್ರೋ ರೈಲು ಓಡುತ್ತದೆ. ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಅಟ್ಟಣೆಯಿದ್ದ ಮೂಲೆ ಯಾವುದೆಂದು ತಮ್ಮನಿಗೂ ನನಗೂ ಈಗಲೂ ವಾದವಿದೆ.

ತಂದೆಯವರ ಲೈಸೆನ್ಸು ಪುಸ್ತಕವನ್ನು ತಿರುವಿದರೆ ಈ ಬದಲಾವಣೆಯೆಲ್ಲ ಅದರೊಳಗೇ ಕಾಣಿಸುತ್ತದೆ. 1969ರಲ್ಲಿ ಅಜ್ಜನವರ ಕಾಲಾನಂತರ ಅದು ಅವರ ಹೆಸರಿಗೆ ಬಂದಿತು. ಮೊದಲ ಪುಟಗಳಲ್ಲಿ ಜಿಲ್ಲಾಧಿಕಾರಿಗಳ ಮೊಹರು; ಮುಂದಿನ ಪುಟಗಳಲ್ಲಿ ನಗರ ಪೊಲೀಸ್ ಕಮಿಷನರ ಮೊಹರು. ಉದ್ದೇಶವೆಂಬ ಅಂಕಣದಲ್ಲಿ ಮಾತ್ರ ಕೊನೆಯವರೆಗೂ ಒಂದೇ ಮಾತು: ಬೆಳೆ ರಕ್ಷಣೆ. ಬೆಳೆಯೇ ಇಲ್ಲದ ಮೇಲೂ ಆ ಮಾತು ಉಳಿದುಕೊಂಡು ಬಂದಿತ್ತು.

ಪ್ರಶ್ನೆ ಎದುರಾದದ್ದು ಹೀಗೆ. 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಜಾರಿಗೆ ಬಂತು. ಚುನಾವಣೆಯ ಕಾಲದಲ್ಲಿ ಲೈಸೆನ್ಸುದಾರರು ತಮ್ಮ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದು ಸೂಚನೆ ಬರುವುದು ತಮಗೆಲ್ಲ ತಿಳಿದೇ ಇದೆ. ತಂದೆಯವರು ಎಂದಿನಂತೆ ಕೋವಿಯನ್ನು ಚೀಲಕ್ಕೆ ಹಾಕಿಸಿ, ತಮ್ಮನ ಜೊತೆ ಆಟೋದಲ್ಲಿ ಹೋಗಿ ಒಪ್ಪಿಸಿ ರಸೀದಿ ತಂದರು. ಆಗ ಅವರಿಗೆ ಎಂಬತ್ತಾರು ವರ್ಷ. 85 ದಾಟಿದವರು ಮನೆಯಲ್ಲಿಯೇ ಮತ ಹಾಕುವ ಸೌಲಭ್ಯವಿದ್ದರೂ ಏಪ್ರಿಲ್ 26ರಂದು ಮತಗಟ್ಟೆಗೇ ಹೋಗಿ ಮತ ಹಾಕಿ ಬಂದರು. ಮೇ ತಿಂಗಳ ಮೊದಲ ವಾರದಲ್ಲಿ, ಬೆಳಗಿನ ಪೂಜೆ ಮುಗಿಸಿ ಒರಗಿ ಕುಳಿತವರು ಹಾಗೆಯೇ ಲಿಂಗೈಕ್ಯರಾದರು. ಜೂನ್ 6ಕ್ಕೆ ನೀತಿ ಸಂಹಿತೆ ಮುಗಿಯಿತು. ಎಲ್ಲರ ಕೋವಿಗಳೂ ಮನೆಗೆ ಮರಳಿದವು, ನಮ್ಮದು ಮರಳಲಿಲ್ಲ. ಮರಳಿಸಿಕೊಳ್ಳಲು ಲೈಸೆನ್ಸುದಾರರೇ ಇರಲಿಲ್ಲ. ಠಾಣೆಯವರು ಸೌಜನ್ಯದಿಂದಲೇ ಹೇಳಿ ಕಳಿಸಿದರು: ವಾರಸುದಾರರು ಬೇಗ ಒಂದು ತೀರ್ಮಾನಕ್ಕೆ ಬನ್ನಿ ಎಂದು.

ಕಾನೂನು ಏನು ಹೇಳುತ್ತದೆಂಬುದನ್ನು ನಾನು ತಿಳಿದವರಿಂದ ಕೇಳಿಕೊಂಡೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂಥ ಮನೆಗಳಲ್ಲಿ ಹೆಚ್ಚಿನವರಿಗೆ ಇದು ತಿಳಿದಿರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಠಾಣೆಯಲ್ಲಿಯೋ ಲೈಸೆನ್ಸುಳ್ಳ ಬಂದೂಕು ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ನಿಗದಿತ ಅವಧಿಯೊಳಗೆ ವಾರಸುದಾರರೊಬ್ಬರು ಲೈಸೆನ್ಸು ಪಡೆದು ಅದನ್ನು ಬಿಡಿಸಿಕೊಳ್ಳಬಹುದು, ಇಲ್ಲವೇ ಅರ್ಹರಾದ ಬೇರೊಬ್ಬರಿಗೆ ಮಾರಿ ಹಣ ಪಡೆಯಬಹುದು. ಎರಡೂ ಮಾಡದಿದ್ದರೆ ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. 2016ರ ನಿಯಮಗಳಲ್ಲಿ ವಂಶಪಾರಂಪರ್ಯದ ಕೋವಿಗಳಿಗೆಂದೇ ಒಂದು ನಿಯಮವಿದೆ. ಲೈಸೆನ್ಸುದಾರರಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ, ಅಥವಾ ಕೋವಿಯನ್ನು ಇಪ್ಪತ್ತೈದು ವರ್ಷ ಇಟ್ಟುಕೊಂಡ ಮೇಲೆ, ಅವರು ಬದುಕಿರುವಾಗಲೇ ವಾರಸುದಾರರೊಬ್ಬರನ್ನು ಸೂಚಿಸಬಹುದು. ತೀರಿಕೊಂಡ ನಂತರವೂ ವಾರಸುದಾರರು ಅರ್ಜಿ ಹಾಕಬಹುದು. ಮಗನೆಂದೇ ಇಲ್ಲ, ಹೆಂಡತಿ, ಮಗಳು, ಸೊಸೆಯೂ ಆಗಬಹುದು. ಅರ್ಜಿದಾರರಿಗೆ ಸುರಕ್ಷತೆಯ ತರಬೇತಿಯಾಗಿರಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಪೊಲೀಸು ವಿಚಾರಣೆ ನಡೆಯುತ್ತದೆ, ಉಳಿದ ವಾರಸುದಾರರ ಒಪ್ಪಿಗೆ ಬೇಕು. 2019ರ ತಿದ್ದುಪಡಿಯಿಂದ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದೆ.

ತಂದೆಯವರಿಗೆ ಎಪ್ಪತ್ತೂ ತುಂಬಿತ್ತು, ಇಪ್ಪತ್ತೈದರ ಎರಡು ಪಟ್ಟೂ ಆಗಿತ್ತು. ಆದರೂ ಅವರು ಯಾರನ್ನೂ ಸೂಚಿಸಿರಲಿಲ್ಲ. ತಮ್ಮ ಒಮ್ಮೆ ಕೇಳಿದ್ದಕ್ಕೆ, "ನಾನಿರೋತನಕ ಇರಲಿ. ಆಮೇಲೆ ನಿಮ್ಮ ಕಾಲಕ್ಕೆ ನೀವು ನೋಡ್ಕೊಳ್ಳಿ" ಎಂದು ಮಾತು ಮುಗಿಸಿದ್ದರಂತೆ.

ಶಿವಗಣಾರಾಧನೆಯೆಲ್ಲ ಮುಗಿದು ನಂಟರು ಹೊರಟ ಮೇಲೆ ಒಂದು ಭಾನುವಾರ ಮನೆಮಂದಿ ಕುಳಿತು ಮಾತನಾಡಿದೆವು. ಚಿಕ್ಕಪ್ಪನವರ ಅಭಿಪ್ರಾಯ ಖಚಿತವಾಗಿತ್ತು. "ಪಟೇಲರ ಮನೆ ಅನ್ನೋದಕ್ಕೆ ಉಳಿದಿರೋದು ಅದೊಂದೇ ಕಣಮ್ಮ. ಹೊಲ ಹೋಯ್ತು, ಎತ್ತು ಹೋಯ್ತು. ವೀರಗಲ್ಲಿನ ಊರಲ್ಲಿ ಹುಟ್ಟಿ ಕೋವಿ ತಗೊಂಡು ಹೋಗಿ ಒಪ್ಪಿಸಿ ಬಾ ಅಂತೀರಾ?" ಎಂದರು. ಅವರ ಮಾತನ್ನು ತೆಗೆದುಹಾಕುವಂತಿರಲಿಲ್ಲ. ಬೆಂಗಳೂರೆಂಬ ಹೆಸರು ಮೊಟ್ಟಮೊದಲು ದೊರೆಯುವುದು ನಮ್ಮೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಒಂಬತ್ತನೆಯ ಶತಮಾನದ ವೀರಗಲ್ಲಿನಲ್ಲಿ. ಬೆಂಗಳೂರಿನ ಕಾಳಗದಲ್ಲಿ ಮಡಿದ ಬುಟ್ಟಣಸೆಟ್ಟಿಯ ಸ್ಮಾರಕವದು. ಗಂಗರ ಪರವಾಗಿ ಹೋರಾಡಿ ಮಡಿದ ನಾಗತ್ತರನ ವೀರಗಲ್ಲೂ ಬೇಗೂರಿನದೇ. ಚಿಕ್ಕಪ್ಪನವರು ಇತಿಹಾಸ ಓದಿಕೊಂಡವರು. ಅಲ್ಲಿಗೇ ನಿಲ್ಲದೆ ಹಲಗಲಿಗೂ ಹೋದರು. 1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ಸಿಡಿದೆದ್ದರು. ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಆ ಕಥೆ ಲಾವಣಿಯಾಗಿ ಉಳಿದಿದೆ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆಯುಧ ಹೊಂದುವುದನ್ನು ಮೂಲಭೂತ ಹಕ್ಕಾಗಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್. ವಿ. ಕಾಮತರು ಎಂಬುದನ್ನೂ ಅವರೇ ನೆನಪಿಸಿದರು. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ ಎಂಬುದನ್ನು ನಾನು ಸೇರಿಸಬೇಕಾಯಿತು. ಮೂವತ್ತು ವರ್ಷ ಸಮಾಜಶಾಸ್ತ್ರ ಪಾಠ ಹೇಳಿದವಳು, ಸುಮ್ಮನಿರಲು ಬರುವುದಿಲ್ಲ.

ನನಗೆ ತೋರಿದ್ದು ಇಷ್ಟು. ಹಲಗಲಿಯವರಿಗೆ ಆಯುಧ ಬದುಕಾಗಿತ್ತು. ಅದನ್ನು ಕಿತ್ತುಕೊಂಡವರು ಪರಕೀಯರು. ನಮ್ಮಿಂದ ಯಾರೂ ಏನನ್ನೂ ಕಿತ್ತುಕೊಳ್ಳುತ್ತಿಲ್ಲ; ಬೇಕೆ ಎಂದು ಕೇಳುತ್ತಿದ್ದಾರೆ. ನಾಗತ್ತರನ ವೀರಗಲ್ಲನ್ನೂ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಸಾಗಿಸಿ ಬಹಳ ವರ್ಷಗಳೇ ಆಗಿವೆ. ಅದರಿಂದ ಬೇಗೂರಿನ ಕೀರ್ತಿಗೆ ಕುಂದೇನೂ ಬಂದಿಲ್ಲ.

ನನ್ನ ಜೊತೆ ಕೆಲಸ ಮಾಡಿದ ಕೊಡಗಿನ ಶಿಕ್ಷಕಿಯೊಬ್ಬರನ್ನೂ ಈ ವಿಚಾರದಲ್ಲಿ ಕೇಳಿದ್ದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1963ರ ಕೇಂದ್ರ ಸರ್ಕಾರದ ಅಧಿಸೂಚನೆಯ ಪ್ರಕಾರ ಲೈಸೆನ್ಸಿನಿಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷ, ಅಂದರೆ 2029ರವರೆಗೆ, ಮುಂದುವರಿಸಿದ್ದಾರೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ತಳ್ಳಿಹಾಕಿತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಅವರಲ್ಲಿದೆ; ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆಯಿದೆ. ಅವರು ನಗುತ್ತ ಒಂದು ಮಾತು ಹೇಳಿದರು: "ನಮ್ಮ ಮನೆಯಲ್ಲಿ ಕೋವಿಗೆ ಕೆಲಸ ಇದೆ. ನಿಮ್ಮ ಮನೆಯಲ್ಲಿ ಈಗ ಅದಕ್ಕೇನು ಕೆಲಸ?" ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ನಮ್ಮಲ್ಲಿ ಜನನಕ್ಕೂ ಮರಣಕ್ಕೂ ಬೇಕಾದುದು ವಿಭೂತಿ, ಕೋವಿಯಲ್ಲ. ಮದುವೆ ಮೆರವಣಿಗೆಯಲ್ಲಿ ಗುಂಡು ಹಾರಿಸುವ ಉತ್ತರದ ಕಡೆಯ ಚಾಳಿ ಇಲ್ಲಿಗೆ ಬಾರದಿರುವುದು ನಮ್ಮ ಪುಣ್ಯ. ಇತರರ ಜೀವಕ್ಕೆ ಅಪಾಯವಾಗುವಂತೆ ಹಾಗೆ ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ.

ಇನ್ನು ರಕ್ಷಣೆಯ ಮಾತು. ದೊಡ್ಡ ಮನೆ, ವಯಸ್ಸಾದ ತಾಯಿ, ಸುತ್ತ ಮುಖಪರಿಚಯವಿಲ್ಲದ ಜನ. ಕೋವಿಯಿದ್ದರೆ ಒಂದು ಧೈರ್ಯವೆಂದು ತಮ್ಮನ ವಾದ. ನಾನು ಅವನನ್ನು ಕೇಳಿದೆ, ರಾತ್ರಿ ಎರಡು ಗಂಟೆಗೆ ಬಾಗಿಲು ಒಡೆಯುವ ಸದ್ದಾದರೆ ಬೀರು ತೆಗೆದು, ಪೆಟ್ಟಿಗೆ ತೆಗೆದು, ತೋಟಾ ತುಂಬಲು ಎಷ್ಟು ಹೊತ್ತು ಬೇಕೆಂದು. ಬೀಗವಿಲ್ಲದೆ ಇಟ್ಟರೆ ಕೋವಿ ಮನೆಯವರಿಗೇ ಅಪಾಯ. ಬೀಗ ಹಾಕಿಟ್ಟರೆ ಕಳ್ಳನಿಗೆ ಅದರ ಭಯವಿಲ್ಲ. ವಚನ ಸಾಹಿತ್ಯಕ್ಕಾಗಿ ಬದುಕನ್ನೇ ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಗುಂಡಿಕ್ಕಿ ಕೊಂದರು. ಬಾಗಿಲು ತಟ್ಟಿದವರು ಯಾರೆಂದು ನೋಡುವ ಆ ಒಂದು ಗಳಿಗೆಯಲ್ಲಿ ಬೀರುವಿನೊಳಗಿನ ಕೋವಿ ಯಾರನ್ನು ಕಾಪಾಡೀತು? ತಮ್ಮ ಇದಕ್ಕೆ ಉತ್ತರ ಕೊಡಲಿಲ್ಲ. ಆದರೆ ಒಪ್ಪಲೂ ಇಲ್ಲ. "ಅಕ್ಕ, ನಿನ್ನ ಹೆಸರಿಗೇ ಮಾಡಿಸಿಬಿಡು. ನಿನಗಾದರೆ ಯಾರೂ ಬೇಡ ಅನ್ನೋಲ್ಲ" ಎಂದ. ಕಾನೂನಿನಲ್ಲಿ ಮಗಳಿಗೂ ಹಕ್ಕುಂಟೆಂದು ತಿಳಿದು ನನಗೂ ಒಂದು ಕ್ಷಣ ಹೆಮ್ಮೆಯೆನಿಸಿದ್ದು ನಿಜ. ಅರ್ಜಿ ನಮೂನೆಯನ್ನೂ ತರಿಸಿದೆ. ಹೆಸರು, ವಿಳಾಸಗಳನ್ನು ತುಂಬಿದೆ. ಯಾವ ಕಾರಣಕ್ಕಾಗಿ ಲೈಸೆನ್ಸು ಬೇಕೆಂಬಲ್ಲಿ ಲೇಖನಿ ನಿಂತಿತು. ಬೆಳೆ ರಕ್ಷಣೆಯೆಂದು ಬರೆದರೆ ಅದು ಸುಳ್ಳು. ತಂದೆಯವರ ನೆನಪಿಗಾಗಿ ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಹೀಗೆ ಮಳೆಗಾಲ ಕಳೆಯಿತು. ಅರ್ಜಿಗೆ ಹಳೆಯ ನವೀಕರಣಗಳ ವಿವರ ಬೇಕಾದೀತೆಂದು ಲೈಸೆನ್ಸು ಪುಸ್ತಕವಿದ್ದ ತಗಡಿನ ಡಬ್ಬಿಯನ್ನು ತಾಯಿಯವರ ಮುಂದೆಯೇ ತೆರೆದೆ. ಠಾಣೆಯ ರಸೀದಿಗಳು ವರ್ಷವಾರು ಜೋಡಿಸಿದ್ದವು: 1989, 1994, 1999, 2004, ಹೀಗೆ ಚುನಾವಣೆಗೊಂದು. ಅವುಗಳ ನಡುವೆ ಒಂದು ಮಾತ್ರ ಠಾಣೆಯದಲ್ಲ. ನಗರದೊಳಗಿನ ಒಬ್ಬ ಬಂದೂಕು ವ್ಯಾಪಾರಿಯದು. ಕೋವಿಯನ್ನು ಜೋಪಾನಕ್ಕಾಗಿ ಪಡೆದುಕೊಂಡದ್ದು 2023ರ ಫೆಬ್ರವರಿ 13. ಹಿಂದಿರುಗಿಸಿದ್ದು ಅಕ್ಟೋಬರ್ 16. ತಿಂಗಳ ಬಾಡಿಗೆ ಕಟ್ಟಿದ ಗುರುತುಗಳೂ ಇದ್ದವು.

ಆ ವರ್ಷ ವಿಧಾನಸಭಾ ಚುನಾವಣೆಯಿತ್ತು. ಈ ಸಲ ಅಂಗಡಿಯಲ್ಲಿಯೇ ಬಿಟ್ಟು ಸರಿಮಾಡಿಸಿ ತರುತ್ತೇನೆಂದು ತಂದೆಯವರು ಹೇಳಿದ್ದು ನಮಗೆಲ್ಲ ನೆನಪಿದೆ. ಆದರೆ ಆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. ಫೆಬ್ರವರಿಯಲ್ಲಿಯೇ ಕೋವಿಯನ್ನು ಸಾಗಿಸುವ ಅವಸರವೇನಿತ್ತು? ಮೇ 13ಕ್ಕೆ ಫಲಿತಾಂಶ ಬಂದು ಎಲ್ಲ ಮುಗಿದ ಮೇಲೂ ಅಕ್ಟೋಬರಿನವರೆಗೆ ಬಾಡಿಗೆ ಕಟ್ಟಿಕೊಂಡು ಬಿಟ್ಟದ್ದೇಕೆ? ಬಸ್ಸಿನ ಹಣ ಉಳಿಯುತ್ತದೆಂದು ಬೊಮ್ಮನಹಳ್ಳಿಯಿಂದ ನಡೆದು ಬರುತ್ತಿದ್ದವರು ಅವರು.

ತಾಯಿಯವರು ರಸೀದಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನಿದ್ದು, "ಹುಡುಗ ಕತ್ತಲೆ ಕೋಣೇಲಿ ಕೂತಿದ್ದನಲ್ಲ, ಆಗ" ಎಂದರು.

ಹುಡುಗನೆಂದರೆ ತಮ್ಮನ ಮಗ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. 2023ರ ಜನವರಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದ ಕಾಲದಲ್ಲಿ ಅವನ ಕೆಲಸವೂ ಹೋಯಿತು. ಗೊತ್ತಾಗಿದ್ದ ಮದುವೆ ಮುರಿಯಿತು. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಮಾತಿಗೆ ಮಾತು ಕೊಡುತ್ತಿರಲಿಲ್ಲ. ಹಗಲೂ ಕಿಟಕಿ ಮುಚ್ಚಿಕೊಂಡು ಮಲಗಿರುತ್ತಿದ್ದ. ನಾವು ದೊಡ್ಡವರು ಅವನಿಗೆ ಬುದ್ಧಿ ಹೇಳಿದೆವು, ಹರಕೆ ಹೊತ್ತೆವು, ಬೇರೆ ಕೆಲಸಕ್ಕೆ ಶಿಫಾರಸು ಹುಡುಕಿದೆವು. ತಂದೆಯವರು ಅವನಿಗೆ ಏನೂ ಹೇಳಲಿಲ್ಲ. ಸಂಜೆ ಅವನ ಕೋಣೆಯಲ್ಲಿ ಹೋಗಿ ಸುಮ್ಮನೆ ಕುಳಿತು ಬರುತ್ತಿದ್ದರು. ಬೀಗದ ಕೈಗಳು ಉಡಿದಾರದಲ್ಲಿದ್ದರೂ ಅದು ಸಾಲದೆಂದು ಅವರಿಗೆ ತೋರಿರಬೇಕು. ಐವತ್ತು ವರ್ಷ ಎಣ್ಣೆ ಹಾಕಿ ಕಾಪಾಡಿದ ವಸ್ತುವನ್ನು ಎಂಬತ್ತೈದರ ವಯಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಬೇರೆಡೆ ಇಟ್ಟುಬಂದರು. ಯಾರಿಗೂ, ತಾಯಿಯವರಿಗೂ, ಕಾರಣ ಹೇಳಲಿಲ್ಲ. ಹುಡುಗನಿಗೆ ಸೆಪ್ಟೆಂಬರಿನಲ್ಲಿ ಕೆಲಸ ಸಿಕ್ಕಿತು. ವೈದ್ಯರ ಔಷಧಿಯಿಂದ ನಿದ್ರೆ, ಊಟ ಸರಿಹೋಯಿತು. ಆ ನವರಾತ್ರಿಯಲ್ಲಿ ಕೋವಿ ಮನೆಗೆ ಬಂತು.

ಅಮೆರಿಕದಲ್ಲಿ ವೈದ್ಯೆಯಾಗಿರುವ ನಮ್ಮ ಸೋದರ ಸೊಸೆಗೆ ಫೋನಿನಲ್ಲಿ ಇದನ್ನು ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 2 ಕೋಟಿ 60 ಲಕ್ಷ ವಯಸ್ಕರ ದಾಖಲೆಗಳನ್ನು ಹನ್ನೆರಡು ವರ್ಷ ಅನುಸರಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಡೆಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತೆಂದು ಅವಳು ತಿಳಿಸಿದಳು. ಸ್ವಂತ ಪಿಸ್ತೂಲು ಇದ್ದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು. ಹೆಂಗಸರಲ್ಲಿ ಮೂವತ್ತೈದು ಪಟ್ಟು. ಆ ದೇಶ ಬೇರೆ, ಪಿಸ್ತೂಲೂ ಕೋವಿಯೂ ಬೇರೆ ಎಂಬುದನ್ನು ಬಲ್ಲೆ. ಆದರೆ ಅವಳು ವಿವರಿಸಿದ ಕಾರಣ ಎಲ್ಲ ದೇಶಕ್ಕೂ ಒಂದೇ ಎನಿಸಿತು. ಅಂಥ ಯೋಚನೆ ಬಹಳ ಸಲ ಒಂದು ಗಳಿಗೆಯ ಮಬ್ಬು. ಆ ಗಳಿಗೆ ಕಳೆದರೆ ಮನುಷ್ಯ ಉಳಿಯುತ್ತಾನೆ. ಕೈಗೆಟಕುವಲ್ಲಿ ಕೋವಿಯಿದ್ದರೆ ಆ ಗಳಿಗೆ ಕಳೆಯುವುದೇ ಇಲ್ಲ. ಮನೆಯಲ್ಲಿ ಯಾರಾದರೂ ಹೀಗೆ ಕುಗ್ಗಿಹೋಗಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. 2022ರಲ್ಲಿ ಆರಂಭವಾದ ಈ ವ್ಯವಸ್ಥೆಗೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ.

ರಸೀದಿಯನ್ನು ತಮ್ಮನಿಗೂ ಚಿಕ್ಕಪ್ಪನವರಿಗೂ ತೋರಿಸಿದೆ. ತಮ್ಮ ಅದನ್ನು ಎರಡು ಸಲ ಓದಿ, ಎದ್ದು ಹಿತ್ತಲಿಗೆ ಹೋದ. ಮರಳಿ ಬಂದು, "ಅರ್ಜಿ ಬೇಡ ಅಕ್ಕ" ಎಂದಷ್ಟೇ ಹೇಳಿದ. ನಾನು ನಮೂನೆಯನ್ನು ಹರಿದುಹಾಕಿದೆ. ಚಿಕ್ಕಪ್ಪನವರು ಮಾತ್ರ, "ಆಗ ಕಳಿಸಿದ್ದೂ ನಿಜ, ಆಮೇಲೆ ತಂದಿದ್ದೂ ನಿಜ. ಬೇಡವಾಗಿದ್ದರೆ ಅಣ್ಣ ತರುತ್ತಲೇ ಇರಲಿಲ್ಲ" ಎಂದರು. ಅದೂ ಸರಿಯೇ. ತಂದೆಯವರು ಅದನ್ನು ತಂದದ್ದು ತಾವು ಕಾಯಬಲ್ಲೆನೆಂಬ ಭರವಸೆಯಿಂದ. ಯಾರು ಯಾವ ದಿನ ಹೇಗಿದ್ದಾರೆಂದು ಮಾತಿಲ್ಲದೆ ಗಮನಿಸುತ್ತ, ಬೇಕಾದಾಗ ಎದ್ದು ಹೋಗಿ ಇಟ್ಟುಬರುವ ಅವರಂಥ ಕಣ್ಣು ನಮ್ಮ ಮೂವರಲ್ಲಿ ಯಾರಿಗಿದೆ? ನನಗೆ ಅರವತ್ತು ದಾಟಿದೆ. ತಮ್ಮನು ದಿನವೆಲ್ಲ ಹೊರಗಿರುತ್ತಾನೆ. ಹುಡುಗನ ಹೆಸರಿಗೆ ಮಾಡಿಸುವ ಮಾತನ್ನು ಅವನೇ ಮೊದಲು ಬೇಡವೆಂದ.

ನಳಿಗೆಯನ್ನು ಮುಚ್ಚಿಸಿ ಗೋಡೆಗೆ ತೂಗುಹಾಕಬಾರದೇ ಎಂಬ ಒಂದು ಸಲಹೆಯೂ ಬಂತು. ರಿಪೇರಿ ಮಾಡಿದರೂ ಹಾರದಂಥ ಹಳೆಯ ಬಂದೂಕಿಗೆ ಕಾಯಿದೆ ಅನ್ವಯಿಸುವುದಿಲ್ಲವಾದರೂ ಅದನ್ನು ಹಾಗೆ ಮಾಡುವ ಕೆಲಸ ನಮ್ಮ ಕೈಯಿಂದ ಆಗತಕ್ಕದ್ದಲ್ಲ. ಅಪ್ಪಣೆಯೂ ಲೈಸೆನ್ಸುಳ್ಳ ಕೆಲಸಗಾರನೂ ಬೇಕು. ತಾಯಿಯವರಿಗೆ ಅದು ಹಿಡಿಸಲಿಲ್ಲ. "ಕಣ್ಣು ಕಿತ್ತ ಎತ್ತನ್ನು ಹಟ್ಟೀಲಿ ಕಟ್ಟಿಕೊಂಡ ಹಾಗೆ. ಬೇಕಾದವರಿಗೆ ಕೊಡಿ" ಎಂದರು. ಸರ್ಕಾರಕ್ಕೆ ಒಪ್ಪಿಸಿಬಿಡಬಹುದಿತ್ತು. ಆದರೆ ಖಾಸಗಿಯವರು ಹೊರದೇಶದ ಬಂದೂಕು ತರಿಸುವುದು 1980ರ ದಶಕದಲ್ಲಿಯೇ ನಿಂತುಹೋಗಿರುವುದರಿಂದ ಹಳೆಯ ಇಂಗ್ಲಿಷ್ ಕೋವಿಗಳನ್ನು ಕೇಳುವವರಿದ್ದಾರೆ, ಬೆಳೆ ಕಾಯಲು ನಿಜವಾಗಿಯೂ ಬೇಕಾದವರೂ ಇದ್ದಾರೆ ಎಂದು ವ್ಯಾಪಾರಿ ತಿಳಿಸಿದರು. ನಾವು ಎರಡನೆಯವರಿಗೇ ಕೊಡುವುದೆಂದು ನಿಶ್ಚಯಿಸಿದೆವು. ಬೆಲೆ ಕಡಿಮೆಯಾಯಿತು, ಆಗಲಿ.

ಆನೇಕಲ್ ತಾಲ್ಲೂಕಿನ ರೈತರೊಬ್ಬರು ಮುಂದೆ ಬಂದಿದ್ದಾರೆ. ಅವರ ಹೊಲ ಬನ್ನೇರುಘಟ್ಟದ ಕಾಡಿನ ಅಂಚಿಗಿದೆ; ಬೆಳೆ ರಕ್ಷಣೆಯ ಲೈಸೆನ್ಸು ಮಂಜೂರಾಗಿದೆ, ಕೋವಿ ಇನ್ನೂ ಕೊಂಡಿರಲಿಲ್ಲ. ಮನೆಗೂ ಬಂದಿದ್ದರು. ತಾಯಿಯವರು ಅವರಿಗೆ ಫಲಾಹಾರ ಕೊಟ್ಟು, "ಗಾಳಿಗೆ ಹಾರಿಸ್ತೀರೋ, ಪ್ರಾಣಿಗೋ?" ಎಂದು ಕೇಳಿದರು. "ಗಾಳಿಗೇ ಅಮ್ಮ. ಪ್ರಾಣಿಗೆ ಹೊಡೆದರೆ ಅರಣ್ಯದೋರು ಸುಮ್ಮನೆ ಬಿಡ್ತಾರಾ?" ಎಂದರು ಅವರು. ಉತ್ತರ ತಾಯಿಯವರಿಗೆ ಪೂರ್ತಿ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಆದರೂ ಒಳಗಿನಿಂದ ಚರ್ಮದ ಚೀಲವನ್ನು ತಂದುಕೊಟ್ಟರು. ವರ್ಗಾವಣೆಯ ಕಾಗದಗಳು ಈಗ ಕಚೇರಿಯಲ್ಲಿವೆ. ಅಲ್ಲಿಯವರೆಗೆ ಕೋವಿ ಠಾಣೆಯಲ್ಲಿಯೇ ಇರುತ್ತದೆ. ಚಿಕ್ಕಪ್ಪನವರು ಅಂದು ಬರಲಿಲ್ಲ. ಮರುದಿನ ಬಂದು, ಕೊಂಡವರು ಯಾರ ಪೈಕಿ, ಹೊಲವೆಷ್ಟು, ನಳಿಗೆಗೆ ಎಣ್ಣೆ ಹಾಕುವುದನ್ನು ಬಲ್ಲವರೇ ಎಂದು ವಿಚಾರಿಸಿಕೊಂಡು ಹೋದರು.